ಪಿಕಪ್ ವಾಹನದ ನಡುಕ, ಸದ್ದು, ನಿಲುಗಡೆ: ಗ್ಯಾರೇಜಿಗೆ ಒಯ್ಯುವ ಮುನ್ನ ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ದೂಧಗಂಗೆಯ ದಂಡೆಯ ಸದಲಗಾದಂತಹ ಪಟ್ಟಣದಲ್ಲಿ ವ್ಯಾಪಾರವೆಂದರೆ ಬಹುಮಟ್ಟಿಗೆ ಸಾಗಾಟವೇ. ಬೆಲ್ಲ ಕೊಲ್ಹಾಪುರದ ಪೇಟೆಗೆ ಹೋಗಬೇಕು, ನೂಲು ಮತ್ತು ಮಗ್ಗದ ಬಟ್ಟೆ ಇಚಲಕರಂಜಿಗೆ ಹೋಗಿ ಬರಬೇಕು, ತಂಬಾಕು ನಿಪ್ಪಾಣಿ ತಲುಪಬೇಕು. ಅಥಣಿಯ ಚಪ್ಪಲಿ, ರಾಯಬಾಗ ಸೀಮೆಯ ಕಾಯಿಪಲ್ಲೆ, ಕಾಗವಾಡದ ಕಡೆಯ ದ್ರಾಕ್ಷಿ ಎಲ್ಲವೂ ಚಿಕ್ಕ ವಾಹನಗಳಲ್ಲೇ ಮುಖ್ಯ ರಸ್ತೆಯವರೆಗೆ ಬರುತ್ತವೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ತರುವಾಯ ಮತ್ತು ಅದಕ್ಕಿಂತ ದೊಡ್ಡ ಪಿಕಪ್‌ಗಳು ಸುಲಭ ಕಂತುಗಳಲ್ಲಿ ದೊರೆಯತೊಡಗಿದ ತರುವಾಯ, ಲಾರಿಯನ್ನು ಬಾಡಿಗೆಗೆ ಕರೆಯುತ್ತಿದ್ದ ಅನೇಕ ವ್ಯಾಪಾರಸ್ಥರು ಸ್ವಂತ ವಾಹನದ ಮಾಲೀಕರಾದರು. ವಾಹನ ಕೊಂಡ ದಿನ ಪೂಜೆಯಾಯಿತು, ಬ್ಯಾಂಕಿನ ಕಂತು ನಿಗದಿಯಾಯಿತು, ಚಾಲಕನ ನೇಮಕವೂ ಆಯಿತು. ಆದರೆ ಆ ವಾಹನದಲ್ಲಿ ನಡುಕ ಬಂದಾಗ, ಸದ್ದು ಬಂದಾಗ, ನಡುದಾರಿಯಲ್ಲಿ ಇಂಜಿನ್ ನಿಂತಾಗ ಏನು ಕೇಳಬೇಕೆಂಬುದನ್ನು ಮಾಲೀಕರಿಗೆ ಯಾರೂ ಕಲಿಸಲಿಲ್ಲ.

ಇದರ ಪರಿಣಾಮ ಕಾಣುವುದು ವಾಹನ ದುರಸ್ತಿ ಖಾತೆಯಲ್ಲಿ. ಉದಾಹರಣೆಗೆ ಬೆಲ್ಲದ ವ್ಯಾಪಾರಿಯೊಬ್ಬರ ಖಾತೆಯನ್ನು ಕಲ್ಪಿಸಿಕೊಳ್ಳಬಹುದು. ಆಷಾಢದಲ್ಲಿ ಚಕ್ರಗಳ ಬ್ಯಾಲೆನ್ಸಿಂಗ್; ಶ್ರಾವಣದಲ್ಲಿ ಎರಡು ಹೊಸ ಟೈರು; ದಸರೆಗೆ ಮುನ್ನ ಇಂಜಿನ್ ಮೌಂಟಿಂಗ್, ಅಂದರೆ ಗ್ಯಾರೇಜಿನವರು ಫೌಂಡೇಶನ್ ಎನ್ನುವ ರಬ್ಬರುಗಳು; ದೀಪಾವಳಿಯ ನಂತರ ಕ್ಲಚ್ ಪ್ಲೇಟು. ಪ್ರತಿಯೊಂದು ನಮೂದಿಗೂ ಬಿಲ್ಲು ಉಂಟು, ಸಹಿ ಉಂಟು. ಏತಕ್ಕಾಗಿ ಎಂಬ ಒಂದು ಶಬ್ದ ಮಾತ್ರ ಎಲ್ಲಿಯೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ನಡುಕವೂ ಇದ್ದಲ್ಲಿಯೇ ಇದೆ. ಈ ಖಾತೆಯ ಒಗಟನ್ನು ಮುಂದೆ ಬಿಡಿಸಲಾಗುವುದು.

ಮೊದಲು ವಾಹನ ನಿಂತ ದಿನದ ಬೆಲೆಯನ್ನು ನೋಡತಕ್ಕದ್ದು. ತಿಂಗಳ ಕಂತು ₹14,000, ಚಾಲಕನ ವೇತನ ₹15,000, ವಿಮೆ ಮತ್ತು ತೆರಿಗೆಗಳ ತಿಂಗಳ ಪಾಲು ₹5,000 ಎಂದು ಹಿಡಿದರೆ ಒಟ್ಟು ₹34,000. ತಿಂಗಳಿಗೆ 26 ದಿನ ಓಡುವ ವಾಹನವಾದರೆ ದಿನವೊಂದಕ್ಕೆ ಸುಮಾರು ₹1,300 ವಾಹನ ಓಡಿದರೂ ತಪ್ಪದು, ನಿಂತರೂ ತಪ್ಪದು. ನಿಂತ ದಿನ ಅದರ ಮೇಲೆ ಬಾಡಿಗೆ ವಾಹನದ ಹಣ ಬೀಳುತ್ತದೆ, ಬಾಡಿಗೆ ವಾಹನ ಸಿಗದಿದ್ದರೆ ಗಿರಾಕಿಯ ಅಸಮಾಧಾನ ಬೀಳುತ್ತದೆ. ಈ ಅಂಕಿಗಳು ಕೇವಲ ಮಾದರಿಗಾಗಿ. ಪ್ರತಿಯೊಬ್ಬ ಮಾಲೀಕರೂ ತಮ್ಮವನ್ನು ಹಾಕಿ ನೋಡಿಕೊಳ್ಳಬೇಕು. ತಪ್ಪು ಭಾಗವನ್ನು ಬದಲಿಸಿದಾಗ ಹೋಗುವುದು ಆ ಭಾಗದ ಬೆಲೆಯಷ್ಟೇ ಅಲ್ಲ. ವಾಹನ ಎರಡು ಸಲ ನಿಲ್ಲುತ್ತದೆ, ಮೂರನೆಯ ಸಲವೂ ನಿಲ್ಲಬಹುದು.

'ಏನು' ಎಂಬುದಕ್ಕಿಂತ 'ಯಾವಾಗ' ಮುಖ್ಯ

ಗ್ಯಾರೇಜಿನ ಬಾಗಿಲಲ್ಲಿ ಮಾಲೀಕರು ಸಾಮಾನ್ಯವಾಗಿ ಹೇಳುವ ಮಾತು 'ಗಾಡಿ ನಡುಗತೈತಿ, ನೋಡ್ರಿ' ಎಂಬುದು. ಮಿಸ್ತ್ರಿಗೆ ಇದರಿಂದ ಸಿಗುವ ಮಾಹಿತಿ ಬಹಳ ಕಡಿಮೆ. ವಾಹನದಲ್ಲಿ ತಿರುಗುವ ಭಾಗಗಳು ಹತ್ತಾರು ಇದ್ದು, ಕೆಲವು ಇಂಜಿನ್‌ನ ವೇಗದೊಡನೆ ತಿರುಗುತ್ತವೆ, ಕೆಲವು ಚಕ್ರದ ವೇಗದೊಡನೆ. ಕೆಲವು ಗೇರು ಹಾಕಿದಾಗ ಮಾತ್ರ ಭಾರ ಹೊರುತ್ತವೆ. ಆದ್ದರಿಂದ ನಡುಕ ಯಾವಾಗ ಆರಂಭವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೊಂದನ್ನು ಖಚಿತವಾಗಿ ಹೇಳಿದರೆ ಶಂಕಿತ ಭಾಗಗಳ ಪಟ್ಟಿ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ.

ಇದನ್ನು ಬಲ್ಲವನು ಚಾಲಕನೊಬ್ಬನೇ. ಇಲ್ಲಿಯೇ ತೊಡಕೂ ಇದೆ. ದೋಷ ಹೇಳಿದ ಚಾಲಕನಿಗೆ 'ನೀನೇ ಕೆಡಿಸಿದಿ' ಎಂಬ ಬೈಗುಳ ಸಿಗುವ ಅಂಗಡಿಗಳಲ್ಲಿ ಚಾಲಕನು ಸುಮ್ಮನಿರುವುದನ್ನು ಕಲಿಯುತ್ತಾನೆ. ದೋಷವು ಸಣ್ಣದಿದ್ದಾಗ ಅದನ್ನು ಮುಚ್ಚಿಡುವುದೇ ಅವನಿಗೆ ಕ್ಷೇಮ. ಅದು ದೊಡ್ಡದಾದಾಗ ಹಣ ತೆರುವವರು ಮಾಲೀಕರು, ಆದರೆ ಅಪಾಯ ಎದುರಿಸುವವನು ಅವನೇ. ತವಂದಿ ಘಾಟಿನ ಇಳಿಜಾರಿನಲ್ಲಿ ಸರಕು ತುಂಬಿದ ವಾಹನದ ಹಬ್ ಬೇರಿಂಗ್ ಸಿಕ್ಕಿಹಾಕಿಕೊಂಡರೆ ಅಥವಾ ಪ್ರೊಪೆಲ್ಲರ್ ಶಾಫ್ಟ್ ಕಳಚಿ ರಸ್ತೆಗೆ ತಾಗಿದರೆ ಅದು ಲೆಕ್ಕಪತ್ರದ ವಿಷಯವಾಗಿ ಉಳಿಯುವುದಿಲ್ಲ.

ನಡುಕದ ಮೂಲ

ಮೊದಲ ಪರೀಕ್ಷೆ ನಿಂತಲ್ಲಿಯೇ ಮಾಡುವಂತಹದು. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್‌ನ ವೇಗವನ್ನು ನಿಧಾನವಾಗಿ ಏರಿಸಬೇಕು. ವಾಹನ ನಿಂತಿರುವಾಗಲೂ ಅದೇ ನಡುಕ ಬಂದರೆ ಚಕ್ರ, ಟೈರು, ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಮುಟ್ಟುವ ಅಗತ್ಯವಿಲ್ಲ. ದೋಷವಿರುವುದು ಇಂಜಿನ್‌ನಲ್ಲಿ ಅಥವಾ ಅದನ್ನು ಹೊತ್ತ ರಬ್ಬರುಗಳಲ್ಲಿ. ಒಂದು ಇಂಜೆಕ್ಟರ್ ಸರಿಯಾಗಿ ಇಂಧನ ಸಿಂಪಡಿಸದಿದ್ದರೆ ಆ ಸಿಲಿಂಡರಿನ ಪಾಲಿನ ಬಲ ಕುಂದಿ ಇಂಜಿನ್ ಲಯ ತಪ್ಪುತ್ತದೆ. ಐಡಲ್‌ನಲ್ಲಿ ಇದು ಎದ್ದು ಕಾಣುತ್ತದೆ. ಲಯ ಸರಿಯಿದ್ದು ನಡುಕ ಮಾತ್ರ ಕ್ಯಾಬಿನ್‌ಗೆ ಏರುತ್ತಿದ್ದರೆ ಮೌಂಟಿಂಗ್ ಸೀಳಿರಬಹುದು ಅಥವಾ ಎಣ್ಣೆ ಬಿದ್ದು ಮೆತ್ತಗಾಗಿರಬಹುದು. ಹಾಗೆಂದು ಎಲ್ಲ ಇಂಜಿನ್‌ಗಳೂ ಒಂದೇ ರೀತಿ ಶಾಂತವಾಗಿರುವುದಿಲ್ಲ. ಟಾಟಾ ಏಸ್‌ನ ಮೂಲ ಡೀಸೆಲ್ ಇಂಜಿನ್ 702 ಸಿಸಿಯ ಎರಡು ಸಿಲಿಂಡರಿನದು. ನಾಲ್ಕು ಸಿಲಿಂಡರಿನ ಪಿಕಪ್ ಓಡಿಸಿ ರೂಢಿಯಾದವರಿಗೆ ಅದರ ಸಹಜ ನಡುಕವೂ ದೋಷದಂತೆ ತೋರುವುದುಂಟು.

ನಿಂತಾಗ ನಡುಕವಿಲ್ಲದೆ ಓಡುವಾಗ ಮಾತ್ರ ಬಂದರೆ ಎರಡನೆಯ ಪರೀಕ್ಷೆ. ಖಾಲಿ ಇರುವ, ನೇರವಾದ, ಸಮತಟ್ಟಾದ ರಸ್ತೆಯಲ್ಲಿ ನಡುಕ ಬರುವ ವೇಗವನ್ನು ತಲುಪಿ ಗೇರನ್ನು ಕ್ಷಣಕಾಲ ನ್ಯೂಟ್ರಲ್‌ಗೆ ತರಬೇಕು. ಘಾಟಿನಲ್ಲಿ, ಸಂತೆಯ ದಾರಿಯಲ್ಲಿ ಇದನ್ನು ಮಾಡಕೂಡದು. ಚಾವಿ ತಿರುಗಿಸಿ ಇಂಜಿನ್ ಆರಿಸುವುದಂತೂ ಸರ್ವಥಾ ಸಲ್ಲದು, ಏಕೆಂದರೆ ಬ್ರೇಕಿನ ಮತ್ತು ಪವರ್ ಸ್ಟೀರಿಂಗಿನ ನೆರವು ಹೊರಟುಹೋಗುತ್ತದೆ. ನ್ಯೂಟ್ರಲ್‌ನಲ್ಲಿಯೂ ನಡುಕ ಮುಂದುವರಿದರೆ ಅದು ಚಕ್ರ, ಟೈರು, ಹಬ್ ಅಥವಾ ಪ್ರೊಪೆಲ್ಲರ್ ಶಾಫ್ಟಿನದು. ನ್ಯೂಟ್ರಲ್‌ಗೆ ತಂದೊಡನೆ ನಿಂತರೆ, ಬಲ ಹರಿಯುವಾಗ ಮಾತ್ರ ಕಾಣಿಸಿಕೊಳ್ಳುವ ದೋಷವೆಂದು ತಿಳಿಯಬೇಕು.

ಚಕ್ರದ ನಡುಕವನ್ನೂ ಶಾಫ್ಟಿನ ನಡುಕವನ್ನೂ ಬೇರ್ಪಡಿಸಲು ಸಣ್ಣದೊಂದು ಲೆಕ್ಕ ಸಾಕು. ಪಿಕಪ್‌ನ ಟೈರಿನ ವ್ಯಾಸ ಸುಮಾರು 70 ಸೆಂಟಿಮೀಟರ್ ಎಂದುಕೊಂಡರೆ ಒಂದು ಸುತ್ತಿಗೆ ಅದು ಸುಮಾರು 2.2 ಮೀಟರ್ ಕ್ರಮಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರವು ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಡಿಫರೆನ್ಶಿಯಲ್‌ನ ಅನುಪಾತ ನಾಲ್ಕರ ಆಸುಪಾಸಿನಲ್ಲಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿಗೆ ಸೆಕೆಂಡಿಗೆ 30 ಸುತ್ತು ತಿರುಗುತ್ತಿರುತ್ತದೆ. ಏಳೆಂಟು ಸಲದ ಅಲುಗಾಟವನ್ನು ಕೈ ಬಹುಮಟ್ಟಿಗೆ ಎಣಿಸಬಲ್ಲದು. ಸ್ಟೀರಿಂಗ್ ಎಡಬಲಕ್ಕೆ ಬಡಿಯುವಂತಿರುತ್ತದೆ. ಮೂವತ್ತು ಸಲದ್ದು ಎಣಿಕೆಗೆ ಸಿಗುವುದಿಲ್ಲ. ಅದು ಆಸನದಲ್ಲಿ, ನೆಲಹಾಸಿನಲ್ಲಿ, ಹಿಂಬದಿಯ ಕನ್ನಡಿಯಲ್ಲಿ ಗುಂಯ್ ಎಂಬ ಸಣ್ಣ ಕಂಪನವಾಗಿ ಬರುತ್ತದೆ. ಸ್ಟೀರಿಂಗ್ ಬಡಿದರೆ ಮುಂದಿನ ಚಕ್ರಗಳತ್ತ ನೋಡಬೇಕು, ಆಸನ ಗುಂಯ್‌ಗುಟ್ಟಿದರೆ ವಾಹನದ ಹೊಟ್ಟೆಯ ಕೆಳಗೆ ಬಗ್ಗಬೇಕು.

ಮುಂದಿನ ಚಕ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಟೈರಿನೊಳಗಿನ ಪದರ ಬಿಟ್ಟು ಉಬ್ಬಿರುವುದು, ರಿಮ್ ಬಾಗಿರುವುದು, ಬ್ಯಾಲೆನ್ಸಿಂಗ್ ಸೀಸ ಬಿದ್ದುಹೋಗಿರುವುದು, ಮಳೆಗಾಲದಲ್ಲಿ ಎರೆಮಣ್ಣು ರಿಮ್ಮಿನ ಒಳಬದಿಯಲ್ಲಿ ಒಂದೇ ಕಡೆ ಒಣಗಿ ಅಂಟಿರುವುದು ಸಾಮಾನ್ಯ ಕಾರಣಗಳು. ಈ ಕೊನೆಯದಕ್ಕೆ ಒಂದು ಕೊಡ ನೀರು ಸಾಕು, ಆದರೆ ಅದಕ್ಕಾಗಿ ಬ್ಯಾಲೆನ್ಸಿಂಗ್ ಬಿಲ್ಲು ತೆತ್ತವರು ಬಹಳ ಮಂದಿ ಇದ್ದಾರು. ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬಂದರೆ ಟೈರನ್ನು ಬಿಟ್ಟು ಬ್ರೇಕಿನ ಡ್ರಮ್ ಅಥವಾ ಡಿಸ್ಕ್ ಸಮವಾಗಿದೆಯೇ ಎಂದು ಪರೀಕ್ಷಿಸಬೇಕು.

ಪ್ರೊಪೆಲ್ಲರ್ ಶಾಫ್ಟ್‌ನ ವಿಷಯ ಹೆಚ್ಚು ಗಹನವಾದದ್ದು. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಈ ಉದ್ದನೆಯ ಕೊಳವೆಯ ತುದಿಗಳಲ್ಲಿ ಕ್ರಾಸ್‌ಗಳಿರುತ್ತವೆ. ಉದ್ದ ಚಾಸಿಯ ವಾಹನಗಳಲ್ಲಿ ಶಾಫ್ಟು ಎರಡು ತುಂಡುಗಳಾಗಿದ್ದು ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಇರುತ್ತದೆ. ಕ್ರಾಸ್ ಸವೆದರೆ ಕ್ಲಚ್ ಬಿಟ್ಟು ಹೊರಡುವಾಗ, ಗೇರು ಬದಲಿಸುವಾಗ ಕೆಳಗಿನಿಂದ 'ಟಕ್' ಎಂಬ ಒಂದೇ ಏಟಿನ ಸದ್ದು ಬರುತ್ತದೆ. ಸೆಂಟರ್ ಬೇರಿಂಗಿನ ರಬ್ಬರು ಹರಿದರೆ ಭಾರ ತುಂಬಿ ಹೊರಡುವ ಮೊದಲ ಹತ್ತಿಪ್ಪತ್ತು ಮೀಟರಿನಲ್ಲಿ ವಾಹನದ ನಡುಭಾಗ ಅದುರುತ್ತದೆ. ಈ ಅದುರುವಿಕೆಯನ್ನು ಕ್ಲಚ್ ಪ್ಲೇಟಿನ ದೋಷವೆಂದು ತಪ್ಪಾಗಿ ಓದುವ ಸಂಭವ ಬಹಳ. ವಾಹನವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡಗಲ್ಲಿಟ್ಟು, ಇಂಜಿನ್ ಆರಿಸಿ ಶಾಫ್ಟನ್ನು ಕೈಯಿಂದ ತಿರುಚಿ ನೋಡಿದರೆ ಕ್ರಾಸ್‌ನ ಸಡಿಲ ಅಂಗೈಗೇ ತಿಳಿಯುತ್ತದೆ. ಶಾಫ್ಟನ್ನು ಬಿಚ್ಚುವಾಗ ಎರಡೂ ಕಡೆ ಗುರುತು ಹಾಕಿ, ಅದೇ ಗುರುತಿಗೆ ಮತ್ತೆ ಜೋಡಿಸಬೇಕು. ಗುರುತು ತಪ್ಪಿಸಿ ಜೋಡಿಸಿದ ಶಾಫ್ಟು ಹೊಸ ಕ್ರಾಸ್ ಹಾಕಿದ ಮೇಲೂ ನಡುಗುತ್ತದೆ. ಆಗ ದೋಷವನ್ನು ಹೊಸ ಕ್ರಾಸ್‌ನ ಮೇಲೆ ಹೊರಿಸಲಾಗುತ್ತದೆ.

ಈಗ ಮೇಲಿನ ಖಾತೆಯ ಒಗಟು. ಆ ವಾಹನ ನಡುಗುತ್ತಿದ್ದುದು ಕೊಲ್ಹಾಪುರದಿಂದ ಖಾಲಿ ಮರಳುವಾಗ ಮಾತ್ರ. ಬೆಲ್ಲ ತುಂಬಿ ಹೋಗುವಾಗ ಏನೂ ಇರುತ್ತಿರಲಿಲ್ಲ. ಇದು ಚಾಲಕನಿಗೆ ಮೊದಲ ವಾರದಿಂದಲೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಹೆಚ್ಚು ಭಾರ ತಾಳಲೆಂದು ಬೇಸಿಗೆಯಲ್ಲಿ ಹಿಂದಿನ ಪಾಟಾಗಳಿಗೆ ಎರಡು ಎಲೆಗಳನ್ನು ಸೇರಿಸಲಾಗಿತ್ತು. ಆ ಖರ್ಚು ಬೇರೆ ಖಾತೆಯಲ್ಲಿದ್ದುದರಿಂದ ಯಾರಿಗೂ ಹೊಳೆಯಲಿಲ್ಲ. ಪಾಟಾ ಹೆಚ್ಚಿಸಿದಾಗ ಖಾಲಿ ವಾಹನದ ಹಿಂಬದಿ ಎತ್ತರಕ್ಕೆ ನಿಂತು ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಕ್ರಾಸ್‌ನ ಗುಣವೇನೆಂದರೆ, ಅದು ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚು ಕಡಿಮೆಯಾಗುತ್ತದೆ. ಎರಡು ತುದಿಗಳ ಕೋನಗಳು ಸಮವಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ, ಸಮ ತಪ್ಪಿದರೆ ಅದು ನಡುಕವಾಗಿ ಹೊರಬೀಳುತ್ತದೆ. ಭಾರ ಬಿದ್ದಾಗ ಪಾಟಾ ತಗ್ಗಿ ಕೋನ ಸರಿಹೋಗುತ್ತಿತ್ತು. ಟೈರು, ಮೌಂಟಿಂಗ್, ಕ್ಲಚ್ ಯಾವುದಕ್ಕೂ ಇದರಲ್ಲಿ ಪಾತ್ರವಿರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಭಾರ ತುಂಬಿದಾಗ ಮಾತ್ರ ನಡುಗುವ ವಾಹನದಲ್ಲಿ ಪಾಟಾ ಸೋತು ಹಿಂಬದಿ ಕುಳಿತಿದೆಯೇ, ಯು-ಬೋಲ್ಟ್ ಸಡಿಲವಾಗಿದೆಯೇ, ಪಾಟಾದ ನಡುಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿದೆಯೇ ಎಂದು ನೋಡಬೇಕು. ಹೆಚ್ಚುವರಿ ಪಾಟಾ ಹಾಕಿಸಿದ ಮಾತ್ರಕ್ಕೆ ವಾಹನದ ಭಾರಮಿತಿ ಹೆಚ್ಚುವುದಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ಹೇಳಲೇಬೇಕು. ನೋಂದಣಿ ಪತ್ರದಲ್ಲಿ ನಮೂದಾದ ತೂಕವೇ ಮಿತಿ. ಬ್ರೇಕು, ಆಕ್ಸಲ್, ಬೇರಿಂಗ್ ಎಲ್ಲವೂ ಮೊದಲಿನವೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಅತಿಭಾರಕ್ಕೆ ₹20,000 ಮತ್ತು ಹೆಚ್ಚಿನ ಪ್ರತಿ ಟನ್ನಿಗೆ ₹2,000 ದಂಡವನ್ನು ವಿಧಿಸುತ್ತದೆ.

ಸದ್ದಿನ ಭಾಷೆ

ಸದ್ದಿನ ವಿಷಯದಲ್ಲಿಯೂ ಪ್ರಶ್ನೆ ಅದೇ. ಕ್ಲಚ್ ಪೆಡಲ್ ಒತ್ತಿದಾಗ ಕಿರುಗುಟ್ಟಿ, ಬಿಟ್ಟಾಗ ನಿಲ್ಲುವ ಸದ್ದು ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ನಿಂತಾಗ ಗರಗರ ಎಂದು, ಪೆಡಲ್ ಒತ್ತಿದೊಡನೆ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗಿನತ್ತ ಬೊಟ್ಟು ಮಾಡುತ್ತದೆ. ಎರಡೂ ಕ್ಲಚ್ಚಿನ ಸುತ್ತಲೇ ಕೇಳಿಸುವುದರಿಂದ ಎರಡಕ್ಕೂ ಕ್ಲಚ್ ಸೆಟ್ಟನ್ನೇ ಬದಲಿಸುವ ರೂಢಿ ಬೆಳೆದಿದೆ.

ಹಬ್ ಬೇರಿಂಗಿನ ಸದ್ದು ವೇಗದೊಡನೆ ಏರುವ ಹೂಂಕಾರ. ವಾಹನ ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ವಾಲುತ್ತದೆ. ಆಗ ಹೂಂಕಾರ ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ಮೊದಲು ಶಂಕಿಸಬೇಕು. ಒರಟಾಗಿ ಸವೆದ ಟೈರು ಕೂಡ ಇಂತಹದೇ ಸದ್ದು ಮಾಡುತ್ತದೆ. ಆದರೆ ಟೈರಿನ ಸದ್ದು ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಊರು ತಲುಪಿದ ಮೇಲೆ ಅಂಗೈಯ ಹಿಂಭಾಗವನ್ನು ಪ್ರತಿ ಹಬ್ಬಿನ ಸಮೀಪ ಒಯ್ದು ಕಾವನ್ನು ಹೋಲಿಸುವುದು ಖರ್ಚಿಲ್ಲದ ಪರೀಕ್ಷೆ. ಮೂರಕ್ಕಿಂತ ಒಂದು ಹೆಚ್ಚು ಕಾದಿದ್ದರೆ ಆ ಬೇರಿಂಗ್ ಬಿಗಿಯಾಗಿದೆ ಅಥವಾ ಅಲ್ಲಿಯ ಬ್ರೇಕ್ ಬಿಡುತ್ತಿಲ್ಲ. ಅಂತಹ ವಾಹನವನ್ನು ಮರುದಿನದ ಖೇಪಿಗೆ ಕಳುಹಿಸಬಾರದು.

ಆಕ್ಸಲರೇಟರ್ ಒತ್ತಿದಾಗ ಹಿಂಬದಿಯಿಂದ ಊಳಿಡುವಂತೆ ಬಂದು, ಬಿಟ್ಟಾಗ ತಗ್ಗುವ ಸದ್ದು ಡಿಫರೆನ್ಶಿಯಲ್ಲಿನದು. ಬಿಚ್ಚುವ ಮೊದಲು ಎಣ್ಣೆಯ ಮಟ್ಟ ನೋಡಬೇಕು. ಹಳ್ಳ ಬಿದ್ದ ರಸ್ತೆಯಲ್ಲಿ ಮಾತ್ರ ಬರುವ ಕಿರುಗುಟ್ಟುವಿಕೆ ಪಾಟಾದ ಬುಶ್‌ಗಳದ್ದಾಗಿದ್ದು ಗಾಬರಿಗೆ ಕಾರಣವಿಲ್ಲ.

ನಡುದಾರಿಯ ನಿಲುಗಡೆ

ಇಂಜಿನ್ ನಿಂತುಹೋಗುವ ದೋಷವು ಮಾಲೀಕರಿಗೆ ಅತ್ಯಂತ ದುಬಾರಿಯಾದುದು, ಏಕೆಂದರೆ ಗ್ಯಾರೇಜಿಗೆ ಬಂದಾಗ ಅದು ಕಾಣಿಸಿಕೊಳ್ಳುವುದೇ ಇಲ್ಲ. ಇಲ್ಲಿ ಚಾಲಕನಿಗೆ ಕೇಳತಕ್ಕ ಪ್ರಶ್ನೆಗಳು ಮೂರು. ಹೇಗೆ ನಿಂತಿತು, ಯಾವ ಸ್ಥಿತಿಯಲ್ಲಿ ನಿಂತಿತು, ಎಷ್ಟು ಹೊತ್ತಿನ ಮೇಲೆ ಮತ್ತೆ ಆರಂಭವಾಯಿತು?

ದೀಪದ ಗುಂಡಿ ಒತ್ತಿದಂತೆ ಒಮ್ಮೆಲೇ ನಿಂತಿದ್ದರೆ ಬಹುಪಾಲು ವಿದ್ಯುತ್ತಿನ ದೋಷ. ರಿಲೇ, ಫ್ಯೂಸು, ಸಡಿಲವಾದ ಅರ್ಥಿಂಗ್ ತಂತಿ, ಕ್ರ್ಯಾಂಕ್ ಸೆನ್ಸರ್ ಇವುಗಳಲ್ಲೊಂದು. ಬೆಲ್ಲದ ಗೋದಾಮಿನ ಬಳಿ ರಾತ್ರಿ ನಿಲ್ಲಿಸುವ ವಾಹನಗಳಲ್ಲಿ ಇಲಿ ಕಡಿದ ತಂತಿಯನ್ನೂ ಮರೆಯಬಾರದು. ತಗ್ಗುತ್ತ, ಉಸಿರುಗಟ್ಟಿದಂತೆ ಜಗ್ಗುತ್ತ ನಿಂತಿದ್ದರೆ ಇಂಧನದ ಅಥವಾ ಗಾಳಿಯ ಕೊರತೆ. ತವಂದಿ ಘಾಟಿನ ಏರಿನಲ್ಲಿ ಭಾರದೊಡನೆ ಬಲ ಕುಂದಿ, ಸಮತಟ್ಟಿನಲ್ಲಿ ಸುಸೂತ್ರವಾಗಿ ಓಡುವ ವಾಹನದ ಡೀಸೆಲ್ ಫಿಲ್ಟರನ್ನು ಮೊದಲು ನೋಡಬೇಕು. ಏರಿನಲ್ಲಿ ಇಂಜಿನ್ ಕೇಳುವಷ್ಟು ಡೀಸೆಲನ್ನು ಕಟ್ಟಿದ ಫಿಲ್ಟರು ಬಿಡುವುದಿಲ್ಲ, ಸಮತಟ್ಟಿನ ಅಲ್ಪ ಬೇಡಿಕೆಯನ್ನು ಪೂರೈಸುತ್ತದೆ. ಟ್ಯಾಂಕಿನಿಂದ ಬರುವ ಕೊಳವೆಯ ಕ್ಲಿಪ್ ಸಡಿಲವಾಗಿ ಗಾಳಿ ಎಳೆದರೂ ಇದೇ ಲಕ್ಷಣ. ಅಲ್ಲಿ ಡೀಸೆಲ್ ಸೋರದೆಯೂ ಗಾಳಿ ಒಳನುಗ್ಗಬಹುದಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಹತ್ತು ನಿಮಿಷ ನಿಂತ ಮೇಲೆ ತಾನಾಗಿಯೇ ಆರಂಭವಾಗುವ ವಾಹನದಲ್ಲಿ ಎರಡು ಸಾಧ್ಯತೆಗಳಿವೆ. ಕಾದಾಗ ಕೈಕೊಡುವ ಸೆನ್ಸರ್ ತಣಿದ ಮೇಲೆ ಸರಿಹೋಗುತ್ತದೆ. ಇಲ್ಲವೇ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿ ಒಳಗೆ ನಿರ್ವಾತ ಉಂಟಾಗಿ ಡೀಸೆಲ್ ಬಾರದಾಗುತ್ತದೆ, ನಿಧಾನವಾಗಿ ಗಾಳಿ ಒಳಸೇರಿದ ಮೇಲೆ ಮತ್ತೆ ಬರುತ್ತದೆ. ನಿಂತೊಡನೆ ಟ್ಯಾಂಕಿನ ಮುಚ್ಚಳ ತೆರೆದಾಗ ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ ಎರಡನೆಯದೇ ಸರಿ. ಮೊದಲನೆಯದಕ್ಕೆ ಸಾವಿರಾರು ರೂಪಾಯಿ ತಗಲಬಹುದು, ಎರಡನೆಯದಕ್ಕೆ ಮುಚ್ಚಳವನ್ನು ಸ್ವಚ್ಛಗೊಳಿಸಿದರೆ ಸಾಕಾದೀತು.

ಹೊಗೆಯ ಬಣ್ಣವನ್ನೂ ಚಾಲಕನು ಗಮನಿಸಿರಬೇಕು. ಕಪ್ಪು ಹೊಗೆ ಗಾಳಿಯ ಕೊರತೆಯನ್ನು ಅಥವಾ ಇಂಧನದ ಅತಿರೇಕವನ್ನು, ನೀಲಿ ಹೊಗೆ ಇಂಜಿನ್ ಎಣ್ಣೆ ಉರಿಯುವುದನ್ನು, ಬಿಳಿ ಹೊಗೆ ಸುಡದ ಡೀಸೆಲನ್ನು ಅಥವಾ ಕೂಲಂಟ್ ಸೇರಿರುವುದನ್ನು ಸೂಚಿಸುತ್ತವೆ. ಮಳೆಗಾಲದಲ್ಲಿ ಬ್ಯಾರಲ್ಲಿನಿಂದ ಡೀಸೆಲ್ ತುಂಬಿಸುವವರು ಅದನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡುವುದು ಲೇಸು; ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಹರಿಯಬಿಡುವ ಕೆಲಸವನ್ನು ಚಾಲಕನೇ ಮಾಡಬಲ್ಲನು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಇನ್ನೊಂದು ಅಧ್ಯಾಯ ಸೇರಿಕೊಂಡಿದೆ. ಡೀಸೆಲ್ ಪಿಕಪ್‌ಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇದ್ದು, ಅದು ತುಂಬಿದಾಗ ವಾಹನವೇ ಅದನ್ನು ಸುಟ್ಟು ಶುದ್ಧಮಾಡಿಕೊಳ್ಳುತ್ತದೆ. ಇದಕ್ಕೆ ಇಂಜಿನ್ ಚೆನ್ನಾಗಿ ಕಾದು ಕೆಲಕಾಲ ಒಂದೇ ಸಮನೆ ಓಡಬೇಕು. ಸದಲಗಾದಿಂದ ಗದ್ದೆಗೆ, ಗದ್ದೆಯಿಂದ ಗಾಣಕ್ಕೆ, ಗಾಣದಿಂದ ಗೋದಾಮಿಗೆ ಎಂದು ಮೂರು ನಾಲ್ಕು ಕಿಲೋಮೀಟರಿನ ಓಡಾಟದಲ್ಲೇ ದಿನ ಕಳೆಯುವ ವಾಹನದಲ್ಲಿ ಈ ದಹನ ಪೂರ್ಣವಾಗುವುದಿಲ್ಲ. ಸೂಚಕ ದೀಪ ಹೊತ್ತಿದರೂ ಲೆಕ್ಕಿಸದಿದ್ದರೆ ಇಂಜಿನ್ ತನ್ನ ಬಲವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಅಂತಹ ವಾಹನವನ್ನು ವಾರಕ್ಕೊಮ್ಮೆಯಾದರೂ ಹೆದ್ದಾರಿಯ ದೂರದ ಖೇಪಿಗೆ ಹಾಕುವುದು ಉತ್ತಮ. ಎರಡು ವಾಹನಗಳಿದ್ದವರು ಅದಲುಬದಲು ಮಾಡಬಹುದು.

ಇಂಜಿನ್ ಚಿಹ್ನೆಯ ದೀಪ ಹೊತ್ತಿದಾಗ ಬ್ಯಾಟರಿಯ ತಂತಿ ಬಿಚ್ಚಿ ದೀಪವನ್ನು ಆರಿಸುವ ಪರಿಪಾಠ ಅನೇಕ ಕಡೆ ಇದೆ. ಇದು ಸಾಕ್ಷಿಯನ್ನು ಅಳಿಸಿಹಾಕಿದಂತೆ. ಮೊದಲು ಸ್ಕ್ಯಾನರ್ ಜೋಡಿಸಿ ದೋಷಸಂಕೇತವನ್ನು ಓದಿಸಿ, ಸಂಖ್ಯೆಯನ್ನು ಬರೆದುಕೊಳ್ಳಬೇಕು. ಪಿ0335 ಎಂಬ ಸಂಕೇತ ಕ್ರ್ಯಾಂಕ್ ಸೆನ್ಸರಿನ ಮಂಡಲಕ್ಕೆ ಸಂಬಂಧಿಸಿದ್ದು. ಆದರೆ ಅದು 'ಮಂಡಲ' ಎನ್ನುತ್ತದೆಯೇ ಹೊರತು ಸೆನ್ಸರ್ ಕೆಟ್ಟಿದೆ ಎನ್ನುವುದಿಲ್ಲ. ತಂತಿ ತುಂಡಾದರೂ, ಕನೆಕ್ಟರಿನಲ್ಲಿ ನೀರು ಸೇರಿದರೂ ಅದೇ ಸಂಕೇತ. ಸಂಕೇತ ನೋಡಿದೊಡನೆ ಭಾಗ ಬದಲಿಸುವ ಗ್ಯಾರೇಜಿಗೂ ತಂತಿಯನ್ನು ಪರೀಕ್ಷಿಸುವ ಗ್ಯಾರೇಜಿಗೂ ಬಿಲ್ಲಿನಲ್ಲಿ ಬಹಳ ಅಂತರವಿರುತ್ತದೆ.

ಹೊಳೆ ಬಂದ ದಿನಗಳು

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳನ್ನು ಈ ಭಾಗದವರು ಮರೆತಿಲ್ಲ. ಅಷ್ಟು ದೊಡ್ಡ ಹೊಳೆ ಬಾರದ ವರ್ಷಗಳಲ್ಲಿಯೂ ಮಲಿಕವಾಡ-ದತ್ತವಾಡದಂತಹ ಕೆಳಮಟ್ಟದ ಸೇತುವೆಗಳು ಮುಳುಗುವುದುಂಟು. ನೀರು ಹರಿಯುವ ಸೇತುವೆಯ ಮೇಲೆ ವಾಹನ ಇಳಿಸುವುದು ಜೀವಕ್ಕೇ ಅಪಾಯವಾದ್ದರಿಂದ ಆ ಮಾತು ಇಲ್ಲಿಗೆ ಸಾಕು. ತಗ್ಗಿನ ರಸ್ತೆಯಲ್ಲಿ ನಿಂತ ನೀರಿನಲ್ಲಿ ಇಂಜಿನ್ ಆರಿದರೆ ಏನು ಮಾಡಬಾರದು ಎಂಬುದನ್ನು ಪ್ರತಿ ಚಾಲಕನಿಗೂ ಮೊದಲೇ ಹೇಳಿರಬೇಕು: ಮತ್ತೆ ಸೆಲ್ಫ್ ಹೊಡೆಯಬಾರದು. ಗಾಳಿಯ ದಾರಿಯಿಂದ ನೀರು ಸಿಲಿಂಡರನ್ನು ಸೇರಿದ್ದರೆ, ನೀರು ಗಾಳಿಯಂತೆ ಕುಗ್ಗದಾದ್ದರಿಂದ ಪಿಸ್ಟನ್ನಿನ ಒತ್ತಡಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ವಾಹನವನ್ನು ತಳ್ಳಿ ಹೊರತಂದು, ಏರ್ ಫಿಲ್ಟರು ಒದ್ದೆಯಾಗಿದೆಯೇ ಎಂದು ನೋಡಿ, ಒದ್ದೆಯಿದ್ದರೆ ಎಳೆದೊಯ್ಯುವುದೊಂದೇ ದಾರಿ. ನೀರು ಹೊಕ್ಕ ಮೇಲೆ ಚಾಲೂ ಮಾಡಿ ಕೆಡಿಸಿಕೊಂಡ ಇಂಜಿನ್‌ನ ಹಾನಿಯನ್ನು ವಿಮಾ ಕಂಪನಿಗಳು ಸಾಮಾನ್ಯ ಪಾಲಿಸಿಯಡಿ ಒಪ್ಪುವುದು ಕಷ್ಟ. ಇಂಜಿನ್ ರಕ್ಷಣೆಯ ಹೆಚ್ಚುವರಿ ಷರತ್ತು ಪಾಲಿಸಿಯಲ್ಲಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕು.

ನೀರಿನಿಂದ ಪಾರಾದ ವಾಹನದ ಡಿಫರೆನ್ಶಿಯಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಬೇಕು. ಹಬ್ಬಿನ ಗ್ರೀಸನ್ನೂ ಪರೀಕ್ಷಿಸಬೇಕು. ದೀಪಾವಳಿಯ ನಂತರ ಕಬ್ಬಿನ ಹಂಗಾಮಿನಲ್ಲಿ ಹೂಂಕರಿಸುವ ಬೇರಿಂಗ್ ಬಹಳ ಸಲ ಆಗಸ್ಟಿನ ನೀರಿನ ಫಲವಾಗಿರುತ್ತದೆ.

ನೋಟುಪುಸ್ತಕ ಮತ್ತು ಬಿಲ್ಲು

ವಾಹನದಲ್ಲಿ ಒಂದು ನೂರು ಪುಟದ ನೋಟುಪುಸ್ತಕ ಇರಲಿ. ದಿನಾಂಕ, ಮೀಟರ್ ಓದು, ಖಾಲಿಯೋ ಭಾರವೋ, ಎಷ್ಟು ವೇಗ, ಯಾವ ಗೇರು, ಇಂಜಿನ್ ತಣ್ಣಗಿತ್ತೋ ಕಾದಿತ್ತೋ ಎಂಬುದನ್ನು ಚಾಲಕನು ಬರೆಯಲಿ. ಬರೆಯಲು ಬಾರದವನಾದರೆ ಸಂಜೆ ಅಂಗಡಿಯ ಗುಮಾಸ್ತನು ಕೇಳಿ ಬರೆದುಕೊಳ್ಳಲಿ. ದೋಷ ಹೇಳಿದ್ದಕ್ಕೆ ಆ ದಿನ ಯಾವ ಬೈಗುಳವೂ ಇರಬಾರದು, ಇಲ್ಲವಾದರೆ ಪುಸ್ತಕ ಖಾಲಿಯಾಗಿಯೇ ಉಳಿಯುತ್ತದೆ. ಗ್ಯಾರೇಜಿಗೆ ಹೋಗುವಾಗ ಮಾಲೀಕರ ಬದಲು ಈ ಪುಸ್ತಕ ಮತ್ತು ಚಾಲಕ ಹೋದರೂ ನಡೆಯುತ್ತದೆ. ಮಿಸ್ತ್ರಿಯು ಮೊದಲು ಚಾಲಕನೊಡನೆ ವಾಹನ ಓಡಿಸಿ ನೋಡಲಿ, ಆಮೇಲೆ ಬಿಚ್ಚಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸುವುದು ಒಳಿತು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ದುರಸ್ತಿ ಬಿಲ್ಲಿನ ಮೇಲೆ ಪುಸ್ತಕದ ಆ ದಿನದ ಪುಟ ಸಂಖ್ಯೆಯನ್ನು ನಮೂದಿಸಿದರೆ ಖಾತೆಗೆ ಅರ್ಥ ಬರುತ್ತದೆ. ಪಾಟಾ, ಟೈರು, ಕ್ಲಚ್ ಎಲ್ಲವೂ ವಾಹನವಾರು ಒಂದೇ ಖಾತೆಯಲ್ಲಿರಲಿ. ಸರಕು ಸಾಗಾಟದ ವಾಹನಗಳ ಮೇಲಿನ ಮತ್ತು ಅವುಗಳ ದುರಸ್ತಿ, ವಿಮೆಗಳ ಮೇಲಿನ ಜಿಎಸ್‌ಟಿ ಹುಟ್ಟುವಳಿ ತೆರಿಗೆ ಜಮೆಗೆ, ಪ್ರಯಾಣಿಕ ಕಾರುಗಳಿಗಿರುವಂತಹ ತಡೆಯಿಲ್ಲ. ಆದರೆ ಬಿಲ್ಲಿನಲ್ಲಿ ಮಾಲೀಕರ ಜಿಎಸ್‌ಟಿ ಸಂಖ್ಯೆ ಇರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಬಿಡಿ ಬೆಲ್ಲದಂತಹ ವಿನಾಯಿತಿ ಪಡೆದ ಸರಕನ್ನು ಮಾತ್ರ ಸಾಗಿಸುವ ವಾಹನಕ್ಕೂ ದೊರೆಯದು. ಎರಡೂ ಬಗೆಯ ಸರಕು ಸಾಗಿಸುವವರು ಪ್ರಮಾಣಾನುಸಾರ ಲೆಕ್ಕ ಹಾಕಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದ್ದು, ಬಿಡಿಭಾಗಗಳಿಗೂ ಶೇ. 18ರ ದರವೇ ಅನ್ವಯಿಸುತ್ತದೆ. ಹಳೆಯ ದರ ಹಾಕಿದ ಬಿಲ್ಲು ಕೈಗೆ ಬಂದರೆ ಅಲ್ಲಿಯೇ ತಿದ್ದಿಸಿಕೊಳ್ಳಬೇಕು.

ಗ್ಯಾರೇಜಿನವರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಸಲ್ಲುವುದಿಲ್ಲ. ಹಾಗೆಯೇ ಬದಲಿಸಿದ ಹಳೆಯ ಭಾಗವನ್ನು ಗ್ಯಾರೇಜಿನಲ್ಲಿ ಬಿಡದೆ ಚೀಟಿ ಕಟ್ಟಿ ಗೋದಾಮಿನ ಮೂಲೆಯಲ್ಲಿ ಒಂದು ತಿಂಗಳು ಇಡಬೇಕು. ದೋಷ ಮರುಕಳಿಸಿದರೆ ಆ ಕ್ರಾಸ್, ಆ ಸೆನ್ಸರ್ ನಿಜಕ್ಕೂ ಕೆಟ್ಟಿತ್ತೇ ಎಂದು ಇನ್ನೊಬ್ಬ ಮಿಸ್ತ್ರಿಗೆ ತೋರಿಸಲು ಅದೊಂದೇ ಆಧಾರ.